ಹಿಂದಿನ ಎರಡು ಚಕ್ರ

ಮುಂದಿನ ಎರಡು ಚಕ್ರಗಳ ಕೆಲಸ ಅರ್ಧ ಗಂಟೆಯಲ್ಲಿ ಮುಗಿದಿತ್ತು. ಹಿಂದಿನ ಎಡಚಕ್ರ ಮೆಷಿನ್ ಏರಿ ಒಂದೂವರೆ ಗಂಟೆಯಾದರೂ ಇಳಿಯುವ ಲಕ್ಷಣ ಕಾಣಲಿಲ್ಲ.

ಅಬ್ದುಲ್ ಖಾದರ್ ಮತ್ತೊಮ್ಮೆ ಗುಂಡಿ ಒತ್ತಿದ. ಮೈತುಂಬ ಮುಷ್ಟಿಗಾತ್ರದ ಬಟನ್ನುಗಳಿದ್ದ ಆ ಮಡ್ ಟೈರು ಗುಂಯ್ಯೆಂದು ತಿರುಗಿ ನಿಂತಿತು. ಒಳಬದಿಗೆ ಇಪ್ಪತ್ತು ಗ್ರಾಂ, ಹೊರಬದಿಗೆ ಎಂಬತ್ತೈದು ಎಂದು ಪರದೆ ತೋರಿಸಿತು. ಐದು ನಿಮಿಷದ ಹಿಂದೆ ಇದೇ ಚಕ್ರಕ್ಕೆ ಒಳಗೆ ನಲವತ್ತೈದು, ಹೊರಗೆ ಅರವತ್ತು ಅಂದಿತ್ತು. ಅದಕ್ಕೂ ಮುಂಚೆ ಇನ್ನೇನೋ.

“ಇದು ಮೆಷಿನ್ನೋ ಗಿಣಿಶಾಸ್ತ್ರದ ಪಂಜರವೋ?” ಎಂದು ಖಾದರ್ ಪರದೆಯ ನೆತ್ತಿಗೆ ಒಂದು ತಟ್ಟಿದ. “ಕೇಳಿದಾಗಲೆಲ್ಲ ಒಂದೊಂದು ಭವಿಷ್ಯ ಹೇಳ್ತದೆ.”

ಖಾದರನ ಟೈರ್ ಅಂಗಡಿ ದೇವನಹಳ್ಳಿಯಿಂದ ಸೂಲಿಬೆಲೆಗೆ ಹೋಗುವ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದೆ. ಅವನ ಕೈಯಲ್ಲಿ ಲಾರಿ ಚಕ್ರವೂ ಕುಣಿದದ್ದಿಲ್ಲ, ಮದುವೆ ಕಾರಿನ ಚಕ್ರವೂ ಕುಣಿದದ್ದಿಲ್ಲ. ಟೈರು ಎಷ್ಟೇ ದುಂಡಗೆ ಕಂಡರೂ ಅದರ ಒಂದು ಪಕ್ಕ ತುಸು ಭಾರ ಇದ್ದೇ ಇರುತ್ತದೆ. ಆ ಭಾರಕ್ಕೆ ಸರಿಯಾಗಿ ಎದುರುಪಕ್ಕದ ರಿಮ್ಮಿಗೆ ಒಂದು ಸೀಸದ ಚೂರು ಕೂರಿಸಿದರೆ ಎರಡೂ ಸಮವಾಗಿ ಗಾಡಿ ನಡುಗದೆ ಓಡುತ್ತದೆ. ಬ್ಯಾಲೆನ್ಸಿಂಗ್ ಅಂದರೆ ಇಷ್ಟೇ. ಇಷ್ಟಕ್ಕೆ ಇವತ್ತು ಬೆಳಗಿನಿಂದ ಅವನ ಬೆವರು ಇಳಿಯುತ್ತಿತ್ತು.

“ಖಾದರಣ್ಣ, ಗಂಟೆ ಹನ್ನೆರಡಾಯ್ತು,” ಎಂದಳು ಭಾನುಪ್ರಿಯಾ.

“ಗಡಿಯಾರ ನನಗೂ ಕಾಣ್ತದೆ ಕಣಮ್ಮ.”

“ಸಿಡುಕಬೇಡಿ. ನಾನು ಹೇಳ್ತಾ ಇರೋದು ಹುಳದ ಗಂಟೆ.”

ಭಾನುಪ್ರಿಯಾ ನಲ್ಲೂರಿನ ಹುಣಸೆ ತೋಪಿನ ಆಚೆಗೆ ಚಾಕಿ ಕೇಂದ್ರ ನಡೆಸುತ್ತಾಳೆ. ರೇಷ್ಮೆ ಮೊಟ್ಟೆ ಒಡೆಸಿ, ಇರುವೆಗಿಂತ ಸಣ್ಣಗಿರುವ ಮರಿಹುಳುಗಳಿಗೆ ಒಂದು ವಾರ ಹಿಪ್ಪುನೇರಳೆಯ ಎಳೆಸೊಪ್ಪು ಹೆಚ್ಚಿ ಹಾಕಿ, ಎರಡನೇ ಜ್ವರಕ್ಕೆ ಕೂತಾಗ ತಟ್ಟೆಗಳಲ್ಲಿ ರೈತರ ಮನೆಗೆ ಮುಟ್ಟಿಸುವುದು ಅವಳ ಕಸುಬು. ಜ್ವರ ಅಂದರೆ ಕಾಯಿಲೆಯಲ್ಲ, ಹುಳು ಪೊರೆ ಬಿಡುವ ಹೊತ್ತು. ಆಗ ಅದು ಮೇಯುವುದಿಲ್ಲ, ಹರಿದಾಡುವುದಿಲ್ಲ. ತಲೆಯೆತ್ತಿಕೊಂಡು ಒಂದು ದಿನ ಕೂತಲ್ಲೇ ಕೂತಿರುತ್ತದೆ. ಆ ಒಂದು ದಿನದೊಳಗೆ ಅದನ್ನು ಸಾಗಿಸಿಬಿಡಬೇಕು, ಅದೂ ತಣ್ಣನೆಯ ಹೊತ್ತಿನಲ್ಲಿ. ಇವತ್ತು ಬೆಳಗಿನ ಜಾವ ಮುನ್ನೂರು ಮೊಟ್ಟೆಯ ಹುಳು ಜ್ವರಕ್ಕೆ ಕೂತಿತ್ತು. ಈ ಕಸುಬಿನಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ನಾನೂರು ಐನೂರು ತತ್ತಿ. ನಂದಗುಡಿ ಕಡೆಯ ಐದು ಜನ ರೈತರಿಗೆ ಇವತ್ತು ಸಂಜೆ ಮುಟ್ಟಬೇಕಿತ್ತು.

ಮಳೆಗಾಲದಲ್ಲಿ ಆ ತೋಟದ ದಾರಿಗಳಲ್ಲಿ ಅವಳ ಪಿಕಪ್ ಎರಡು ಸಲ ಹೂತುಕೊಂಡಿತ್ತು. ಬೆಂಗಳೂರಿನ ಶೋಕಿವಾಲ ಒಬ್ಬ, ಭಾನುವಾರ ಬಂದರೆ ಜೀಪಿನಲ್ಲಿ ಗುಡ್ಡ ಹತ್ತುವವನು, ತನ್ನ ಮಡ್ ಟೈರುಗಳನ್ನು ರಿಮ್ಮಿನ ಸಮೇತ ಮಾರುತ್ತಿದ್ದ. ಅವನ್ನು ತಂದು ಹಾಕಿಸಿದಳು. ಕೆಸರೇನೋ ಗೆದ್ದಳು. ಟಾರು ರಸ್ತೆ ಸಿಕ್ಕಿದ ಕೂಡಲೇ ಗಾಡಿ ಮೈಮೇಲೆ ದೇವರು ಬಂದ ಹಾಗೆ ನಡುಗತೊಡಗಿತು. ಮೊದಲ ಸಲ ತಟ್ಟೆಯ ಹುಳುಗಳೆಲ್ಲ ಜರುಗಿ ಮೂಲೆಯಲ್ಲಿ ಗುಡ್ಡೆಯಾಗಿ ಕೂತಿದ್ದವು. ಎರಡನೇ ಸಲ ಅದಕ್ಕಿಂತ ಕೆಟ್ಟದಾಯಿತು. ಅಡಿಗೆ ಸಿಕ್ಕಿದವು ನಲುಗಿದವು, ಉಳಿದವು ಒಂದು ಇವತ್ತು ಜ್ವರದಿಂದ ಎದ್ದರೆ ಇನ್ನೊಂದು ನಾಳೆ ಎದ್ದಿತು. ಹಾಗೆ ಹೆಚ್ಚುಕಮ್ಮಿ ಎದ್ದ ಹುಳು ಕೊನೆಯವರೆಗೂ ಹೆಚ್ಚುಕಮ್ಮಿಯೇ. ನಂದಗುಡಿ ಕಡೆಯ ಅಪ್ಪಯ್ಯಣ್ಣ ಐದೂ ಜನರ ಪರವಾಗಿ ಹೇಳಿ ಕಳಿಸಿದ್ದ: ಇದೊಂದು ಸಲ ನೋಡ್ತೀವಿ, ಈ ಸಲವೂ ಹುಳ ಅಲ್ಲಾಡಿ ಬಂದರೆ ಬೇರೆ ಕೇಂದ್ರಕ್ಕೆ ಹೋಗ್ತೀವಿ, ಬೇಜಾರು ಮಾಡ್ಕೋಬೇಡಮ್ಮ. ಆ ಐದು ಜನ ಹೋದರೆ ಅವಳ ಕೇಂದ್ರದಲ್ಲಿ ಅರ್ಧ ತಟ್ಟೆ ಖಾಲಿ.

“ಇವತ್ತೊಂದಿನಕ್ಕೆ ಬೇರೆ ಗಾಡಿ ಹಿಡಿಯಮ್ಮ,” ಎಂದು ಖಾದರ್ ಬೆಳಗ್ಗೆಯೇ ಹೇಳಿ ನೋಡಿದ್ದ.

“ಯಾವ ಗಾಡಿ ಅಣ್ಣ? ನಿನ್ನೆ ಟೊಮೊಟೊ ಹೊತ್ತಿರುತ್ತೆ, ಮೊನ್ನೆ ಔಷಧಿ ಡಬ್ಬ ಹೊತ್ತಿರುತ್ತೆ. ಆ ವಾಸನೆ ಸಾಕು, ನನ್ನ ಹುಳ ಅಲ್ಲೇ ಮಲಗಿಬಿಡುತ್ತೆ. ಈ ಗಾಡೀಲಿ ನಾನು ಒಂದು ಈರುಳ್ಳೀನೂ ಸಾಗಿಸಲ್ಲ.”

ಅಂದಮೇಲೆ ಇದೇ ಗಾಡಿ, ಇದೇ ಚಕ್ರ.

ಭಾನುಪ್ರಿಯಾಳ ಮಾವ ರಾಮಾಂಜಿನಪ್ಪ ಹಳೆ ಟೈರುಗಳ ಗುಡ್ಡೆಯ ಮೇಲೆ ಸಿಂಹಾಸನದಲ್ಲಿ ಕೂತಂತೆ ಕೂತಿದ್ದ. ಎಪ್ಪತ್ತರ ಹತ್ತಿರದ ಆಳು, ಒಂದು ಕಾಲದಲ್ಲಿ ಸುತ್ತಲ ಹತ್ತು ಹಳ್ಳಿಗೆ ಟ್ಯಾಕ್ಟರ್ ಹೊಡೆದವನು. ಎಲೆಯಡಿಕೆ ಅಗಿಯುತ್ತ ಎಲ್ಲವನ್ನೂ ನೋಡುತ್ತಿದ್ದ.

“ಸಾಬ್ರೇ, ಹಿಂದಿನ ಚಕ್ರಕ್ಕೆ ಯಾಕೆ ಒದ್ದಾಡ್ತೀರಿ? ನಾನು ಆಗಲೇ ತೂಕ ಹಾಕಿದೀನಲ್ಲ?” ಎಂದ.

“ಹಾಕಿದ್ದು ಕಂಡೆ ಯಜಮಾನ್ರೇ. ಅದನ್ನೆಲ್ಲ ಕಿತ್ತು ಹೊಸದಾಗಿ ಹಾಕ್ತಾ ಇದೀನಿ.”

“ಕಿತ್ತುಬಿಟ್ರಾ?” ರಾಮಾಂಜಿನಪ್ಪನಿಗೆ ಆಶ್ಚರ್ಯವಾಯಿತು. “ಯಾವಾಗ ಕಿತ್ರಿ? ನಾನು ಇಲ್ಲೇ ಇದೀನಿ!”

“ಬಂದ ಕೂಡ್ಲೇ. ನೀವು ಆಗ ಟೀ ಕುಡಿಯೋಕೆ ಹೋಗಿದ್ರಿ.” ರಿಮ್ಮಿನ ಅಂಚಿನಿಂದ ಕಿತ್ತು ನೆಲಕ್ಕೆ ಹಾಕಿದ್ದ ಮೂರು ಹಳೆಯ ಸೀಸದ ಚೂರುಗಳನ್ನು ಖಾದರ್ ಕಾಲಿನಿಂದ ತೋರಿಸಿದ. ಅವು ಬೆಂಗಳೂರಿನವನ ಕಾಲದವು. ರಾಮಾಂಜಿನಪ್ಪ ಅವನ್ನು ನೋಡಿದ, ಖಾದರನನ್ನು ನೋಡಿದ, ದೊಡ್ಡವರ ಮಾತು ನಮಗೇಕೆ ಎಂಬಂತೆ ಮತ್ತೆ ಎಲೆ ಅಗಿಯತೊಡಗಿದ.

ಖಾದರನಿಗೆ ಈಗ ಮೆಷಿನ್ ಮೇಲೆಯೇ ಅನುಮಾನ. ಹಿಂದಿನ ಚಕ್ರ ಇಳಿಸಿ, ಬೆಳಗ್ಗೆ ಸರಿಮಾಡಿದ್ದ ಮುಂದಿನ ಚಕ್ರವನ್ನು ಮತ್ತೆ ಏರಿಸಿದ. ಸೊನ್ನೆ, ಸೊನ್ನೆ. ಮೆಷಿನ್ ಸತ್ಯಹರಿಶ್ಚಂದ್ರನ ಹಾಗೆ ನಿಂತಿತ್ತು. ತಪ್ಪು ಚಕ್ರದ್ದೇ. ರಿಮ್ಮಿನ ಒಳಮೈ ಕೆರೆದು ಒಣಮಣ್ಣು ಉದುರಿಸಿದ. ಬಟನ್ನುಗಳ ಸಂದಿಯ ಕಲ್ಲುಗಳನ್ನು ಸ್ಕ್ರೂಡ್ರೈವರಿನಿಂದ ಒಂದೊಂದೇ ಮೀಟಿ ತೆಗೆದ. ರಿಮ್ಮು ಬಾಗಿದೆಯೇ ಎಂದು ಬೆರಳಿಟ್ಟು ತಿರುಗಿಸಿದ, ಎಲ್ಲೂ ಬಾಗಿರಲಿಲ್ಲ. ಗಾಳಿ ಅಳೆದ, ಸರಿಯಾಗಿತ್ತು. ಮತ್ತೆ ಏರಿಸಿದ. ಒಳಗೆ ತೊಂಬತ್ತು, ಹೊರಗೆ ಹತ್ತು!

“ತೇರೀ...” ಎಂದು ಬಾಯಿಗೆ ಬಂದದ್ದನ್ನು ಹೆಣ್ಣುಮಗಳು ಎದುರಿಗಿದ್ದಾಳೆಂದು ನುಂಗಿದ.

ಆ ಚಕ್ರ ಇಳಿಸಿ ಬಲಗಡೆಯದನ್ನು ಏರಿಸಿದ. ಅದೂ ಅದೇ ತಂಗಿಯ ಅಕ್ಕ. ಒಂದು ಸಲ ಮೂವತ್ತು, ಒಂದು ಸಲ ಎಪ್ಪತ್ತು. ಸೀಸ ಇಡಬೇಕಾದ ಜಾಗ ಒಮ್ಮೆ ವಾಲ್ವಿನ ಪಕ್ಕ, ಒಮ್ಮೆ ವಾಲ್ವಿನ ಎದುರು.

ಒಂದು ಗಂಟೆಗೆ ಹೆಂಡತಿ ವಹೀದಾ ಫೋನ್ ಮಾಡಿ ಊಟ ಆಯಿತೇ ಎಂದು ಕೇಳಿದಳು. ಆಯಿತು ಎಂದು ಸುಳ್ಳು ಹೇಳಿದ. ಬುತ್ತಿ ಕಂಪ್ರೆಸರಿನ ಮೇಲೆ ಬಿಸಿಯಾಗುತ್ತ ಕೂತಿತ್ತು.

“ಭಾನಮ್ಮ, ಇದ್ದದ್ದು ಇದ್ದ ಹಾಗೆ ಹೇಳಿಬಿಡ್ತೀನಿ,” ಎಂದು ಬನಿಯನ್ನಿನಲ್ಲಿ ಮುಖ ಒರೆಸಿಕೊಂಡ. “ಹಿಂದಿನ ಎರಡೂ ಟೈರು ಒಳಗಿಂದ ಬಿಟ್ಟುಕೊಂಡಿರಬೇಕು. ಪದರ ಬೇರೆಯಾಗಿ ಒಳಗೊಳಗೇ ಜಾರಾಡ್ತಾ ಇದೆ. ಅದಕ್ಕೇ ಅಂಕಿ ನಿಲ್ಲಲ್ಲ. ಹೊಸದು ಹಾಕಿಸ್ಬೇಕು.”

“ಎಲ್ಲಿ ಸಿಗುತ್ತೆ?”

“ಈ ಸೈಜು ಇಲ್ಲಿ ಸಿಗಲ್ಲ. ಬೆಂಗಳೂರಿಗೆ ಹೇಳಿದ್ರೆ ನಾಳೆ, ನಾಳಿದ್ದು.”

ಭಾನುಪ್ರಿಯಾ ಎದ್ದು ನಿಂತಳು. “ನಾಳೆ ಬೆಳಗ್ಗೆ ಹುಳ ಏಳುತ್ತೆ ಖಾದರಣ್ಣ. ಎದ್ದ ಹುಳಕ್ಕೆ ಬಾಯಿಗೆ ಸೊಪ್ಪು ಬೇಕು. ನಾಳಿದ್ದು ಬಾ ಅಂತ ಅದರ ಕಿವೀಲಿ ನೀವು ಹೇಳ್ತೀರಾ? ಒಂದು ಗಾಡಿಯ ನಾಲ್ಕು ಟೈರು ಒಟ್ಟಿಗೆ ಓಡಿದ್ದು, ಒಂದೇ ದಿನ ತಂದಿದ್ದು. ಮುಂದಿನ ಎರಡು ಗಟ್ಟಿ, ಹಿಂದಿನ ಎರಡೂ ಒಟ್ಟಿಗೇ ಹಾಳು! ಅದು ಹೇಗೆ?”

ಖಾದರ್ ಚಕ್ರದ ಕಡೆ ತಿರುಗಿದ. ಸೊಪ್ಪು ಹೆಚ್ಚುವವಳು ಕೇಳಿದ ಮಾತು ಟೈರು ಬಿಚ್ಚುವವನಿಗೆ ಹೊಳೆಯಬೇಕಾಗಿತ್ತಲ್ಲ ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಒಂದು ಹಾಳಾಗಬಹುದು. ಎರಡೂ ಒಂದೇ ಥರ, ಹಿಂದಿನವೇ, ಹಾಳಾಗುವುದಿಲ್ಲ.

ಕೊನೆಯದೊಂದು ಉಪಾಯವಿತ್ತು. ಟೈರಿನ ಭಾರದ ಪಕ್ಕವೂ ರಿಮ್ಮಿನ ಭಾರದ ಪಕ್ಕವೂ ಒಂದೇ ಕಡೆ ಬಿದ್ದಿದ್ದರೆ, ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಿದಾಗ ಒಂದಕ್ಕೊಂದು ಸರಿದೂಗುತ್ತದೆ. ಅದಕ್ಕೆ ಮೊದಲು ಗಾಳಿ ಬಿಡಬೇಕು. ಎಡಚಕ್ರವನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ನೆಲದ ಕಡೆಗಿದ್ದ ವಾಲ್ವಿನ ಪಿನ್ನು ಬಿಚ್ಚಿದ.

ಬಂದದ್ದು ಗಾಳಿಯಲ್ಲ. ಸೂಜಿಯಂಥ ನೀರಿನ ಧಾರೆ ಪಿಚಕಾರಿಯ ಹಾಗೆ ಹಾರಿ ಅವನ ಗಡ್ಡ, ಮೂಗು, ತೆರೆದ ಬಾಯಿಗೆ ಹೊಡೆಯಿತು. ಖಾದರ್ ಹಿಂದಕ್ಕೆ ಬಿದ್ದ. ಬಾಯಿಯೆಲ್ಲ ಬ್ಲೀಚಿಂಗ್ ಪೌಡರಿನ ರುಚಿ.

“ನೀರು!” ಎಂದು ಕೆಮ್ಮಿದ. “ಟೈರೊಳಗೆ ನೀರು! ಯಾವ ಬೇಕೂಫ ಟೈರಿಗೆ ನೀರು ತುಂಬಿಸಿದಾನೆ?”

ಟೈರುಗುಡ್ಡೆಯ ಮೇಲಿಂದ ರಾಮಾಂಜಿನಪ್ಪ ಶಾಂತವಾಗಿ ಹೇಳಿದ: “ನಾನೇ.”

ನೀರು ಇನ್ನೂ ಸುರ್ರೆಂದು ಹಾರುತ್ತಿತ್ತು.

“ಹೇಳಿದ್ನಲ್ಲ ಸಾಬ್ರೇ, ತೂಕ ಹಾಕಿದೀನಿ ಅಂತ. ನೀವು ಕಿತ್ತುಬಿಟ್ಟೆ ಅಂದ್ರಿ. ಕೀಳೋದು ಅಂದ್ರೆ ನೀರು ಬಿಟ್ಟುಬಿಟ್ರೇನೋ ಅಂದ್ಕೊಂಡೆ.”

“ಮಾವ!” ಭಾನುಪ್ರಿಯಾಳ ದನಿ ಕೀರಲಾಯಿತು. “ಯಾವಾಗ ತುಂಬಿಸಿದ್ರಿ ಇದನ್ನ?”

“ಮೊದಲನೇ ಸಲ ಹುಳ ಅಲ್ಲಾಡ್ತಲ್ಲ, ಆಗ. ಹುಳದ ಮನೆ ತೊಳೆಯೋ ಸ್ಪ್ರೇಯರ್ ಇತ್ತಲ್ಲ, ಅದರಲ್ಲೇ. ಒಂದೊಂದಕ್ಕೆ ಐದೈದು ಲೀಟರ್ ಹಿಡೀತು. ಕೈ ಬಿದ್ದುಹೋಯ್ತು ಹೊಡೆದೂ ಹೊಡೆದೂ.”

“ಅದಕ್ಕೇ ಎರಡನೇ ಸಲ ಇನ್ನೂ ಜಾಸ್ತಿ ನಡುಗಿದ್ದು! ನನಗೊಂದು ಮಾತು ಕೇಳಬಾರದಾ? ನಿಮಗೆ ಯಾರು ಹೇಳಿದ್ದು ನೀರು ತುಂಬಿಸಿ ಅಂತ?”

ರಾಮಾಂಜಿನಪ್ಪ ಬೆರಳೆತ್ತಿ ತೋರಿಸಿದ. ಬೆರಳ ತುದಿಯಲ್ಲಿ ಗಡ್ಡದಿಂದ ನೀರಿಳಿಸುತ್ತ ಅಬ್ದುಲ್ ಖಾದರ್ ಕೂತಿದ್ದ.

“ನಾನಾ?” ಖಾದರ್ ಹೌಹಾರಿದ. “ಅಲ್ಲಾನಾಣೆ, ನಾನು ಯಾಕೆ ಹೇಳ್ಲಿ? ಇಪ್ಪತ್ತೆರಡು ವರ್ಷದ ಕಸುಬು ನಂದು!”

“ಫೋನ್ ಮಾಡಿರಲಿಲ್ವಾ ನಾನು? ಭಾನು ಹುಳ ಬಿಟ್ಟು ಬರೋಹಾಗಿರಲಿಲ್ಲ, ಅದಕ್ಕೆ ನಾನೇ ಮಾಡಿದ್ದು. ಗಾಡಿ ಕುಣೀತದೆ ಸಾಬ್ರೇ ಅಂದೆ. ನೀವು ಏನಂದ್ರಿ? ‘ಟೈರಿಗೆ ತೂಕ ಹಾಕ್ಬೇಕು ಯಜಮಾನ್ರೇ, ತೂಕ ಹಾಕಿದ್ರೆ ಕುಣಿಯೋದು ನಿಲ್ತದೆ’ ಅಂದ್ರಿ. ಅನ್ಲಿಲ್ಲ ಅನ್ನಿ?”

ಖಾದರನಿಗೆ ನೆನಪಾಯಿತು. ಫೋನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಕೊಂಡಿತ್ತು, ಕೈಯಲ್ಲಿ ವೀಲ್ ಸ್ಪ್ಯಾನರ್, ಎದುರಿಗೆ ಅವಸರ ಮಾಡುವ ಲಾರಿ ಡ್ರೈವರ್. ತೂಕ ಹಾಕ್ಬೇಕು ಅಂದದ್ದು ನಿಜ. ಅಂಗಡಿಗೆ ಬನ್ನಿ ಎಂದು ಹೇಳಿದ್ದೇನೋ ಇಲ್ಲವೋ, ಅದು ನೆನಪಾಗಲಿಲ್ಲ.

“ನಾನು ಹೇಳಿದ್ದು ಸೀಸದ ತೂಕ! ಇಷ್ಟೇ ಇಷ್ಟು, ಬೆರಳುಗಾತ್ರದ್ದು!”

“ಸೀಸ ಅಂತ ಹೇಳಿದ್ರಾ? ತೂಕ ಅಂದ್ರಿ. ಟೈರಿಗೆ ತೂಕ ಹಾಕೋದು ಅಂದ್ರೆ ನೀರು ತುಂಬಿಸೋದು. ಮೂವತ್ತು ವರ್ಷ ಟ್ಯಾಕ್ಟರ್ ಹೊಡೆದಿದೀನಿ, ನನಗೆ ಹೇಳಿಕೊಡ್ತೀರಾ? ಉಳುವಾಗ ಟ್ಯಾಕ್ಟರ್ ಎಗರಿದ್ರೆ ಟೈರಿಗೆ ನೀರು ಹಾಕ್ತಾರೆ, ಭೂಮಿಗೆ ಕಚ್ಕೊಂಡು ಕೂತ್ಕೊಳ್ತದೆ. ಊರಿಗೇ ಗೊತ್ತಿರೋ ಮಾತು.”

“ಹಾಗಾದ್ರೆ ಹಿಂದಿನದಕ್ಕೆ ಮಾತ್ರ ಯಾಕೆ? ಮುಂದಿನದು ಏನು ಪಾಪ ಮಾಡಿತ್ತು?”

“ಟ್ಯಾಕ್ಟರ್ ಮುಂದಿನ ಚಕ್ರಕ್ಕೆ ಯಾರಾದ್ರೂ ನೀರು ತುಂಬಿಸ್ತಾರೇನ್ರೀ?” ರಾಮಾಂಜಿನಪ್ಪ ಅವನನ್ನು ಕನಿಕರದಿಂದ ನೋಡಿದ. “ಅಷ್ಟೂ ಗೊತ್ತಿಲ್ವಾ? ಟೈರ್ ಅಂಗಡಿ ಬೇರೆ ಇಟ್ಟಿದೀರ!”

ಭಾನುಪ್ರಿಯಾ ಇಬ್ಬರನ್ನೂ ನೋಡಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. “ಒಬ್ಬರು ಬಾಯಿಬಿಟ್ಟು ಪೂರ್ತಿ ಹೇಳಲ್ಲ, ಇನ್ನೊಬ್ಬರು ಕಿವಿಗೊಟ್ಟು ಪೂರ್ತಿ ಕೇಳಲ್ಲ. ಮಧ್ಯದಲ್ಲಿ ಸಾಯೋದು ನನ್ನ ಹುಳ.”

ಖಾದರನಿಗೆ ಅವಮಾನಕ್ಕಿಂತ ಹೆಚ್ಚಾಗಿ ಕಾಡಿದ್ದು ತನ್ನ ಕೈಯೇ. ಬೆಳಗಿನಿಂದ ಎಷ್ಟು ಸಲ ಆ ಚಕ್ರ ಎತ್ತಿದ್ದಾನೆ! ಭಾರವಾಗಿದೆ ಎಂದು ಅನ್ನಿಸಿತ್ತು, ಮಡ್ ಟೈರು ಅಂದರೆ ಭಾರವೇ ಎಂದು ತಳ್ಳಿಹಾಕಿದ್ದ. ಒಳಗೆ ನೀರು ಕುಲುಕಿದ್ದು ಕೇಳಿಸಬೇಕಾಗಿತ್ತು. ಆದರೆ ಬೋಲ್ಟು ಬಿಚ್ಚುವ ಗನ್ನಿನ ಗಲಾಟೆಯಲ್ಲಿ ಅವನ ಬಲಗಿವಿ ಎಂದೋ ಮಂದವಾಗಿತ್ತು, ಅದರ ಮೇಲೆ ಕಂಪ್ರೆಸರಿನ ಸದ್ದು, ಲಾರಿಗಳ ಸದ್ದು.

“ಬೈಯೋದು ಆಮೇಲೆ ಬೈಯಮ್ಮ, ಇಬ್ಬರನ್ನೂ ಕೂರಿಸ್ಕೊಂಡು ಬೈಯಿ,” ಎಂದು ಎದ್ದ. “ಟೈರು ಹಾಳಾಗಿಲ್ಲ ಅನ್ನೋದು ಗೊತ್ತಾಯ್ತಲ್ಲ. ತಿರುಗುವಾಗ ನೀರು ಒಂದೊಂದು ಸಲ ಒಂದೊಂದು ಕಡೆ ಸೇರ್ಕೊಳ್ತಿತ್ತು. ಮೆಷಿನ್ ಏನು ಮಾಡುತ್ತೆ, ಕಂಡದ್ದು ಹೇಳ್ತು. ಯಜಮಾನ್ರೇ, ಇಳೀರಿ ಕೆಳಗೆ. ನೀವು ತುಂಬಿಸಿದ ನೀರು ನೀವೇ ಹೊರಗೆ ಚೆಲ್ಲಬೇಕು.”

ಹೇಳಿದಷ್ಟು ಸುಲಭವಾಗಲಿಲ್ಲ. ಆ ದಪ್ಪ ಟೈರಿನ ಅಂಚು ರಿಮ್ಮಿಗೆ ಕಚ್ಚಿಕೊಂಡು ಕೂತಿತ್ತು. ಬಿಚ್ಚುವ ಮೆಷಿನ್ ಎರಡು ಸಲ ಜಾರಿತು. ಮೂರನೇ ಸಲಕ್ಕೆ ಬಿಟ್ಟಿತು. ಇಬ್ಬರೂ ಸೇರಿ ಟೈರನ್ನು ಮಗುಚಿದಾಗ ತುಕ್ಕು ಬೆರೆತ ಕೆಂಪು ನೀರು ಅಂಗಡಿಯ ನೆಲದ ಮೇಲೆಲ್ಲ ಹರಿಯಿತು. ರಾಮಾಂಜಿನಪ್ಪ ತನ್ನ ಹೆಗಲ ಟವಲ್ಲನ್ನೇ ಒಳಗಿಟ್ಟು, ಕೇಳುವವರೆಗೂ ಕಾಯದೆ ಒರೆಸಿದ. ರಿಮ್ಮಿನ ತುಕ್ಕನ್ನು ಖಾದರ್ ಕೆರೆದ. ಮತ್ತೆ ಕೂರಿಸಿ ಗಾಳಿ ಹಿಡಿಸುವಾಗ ಗಂಟೆ ಮೂರೂವರೆ.

ಎಡಚಕ್ರವನ್ನು ಮೆಷಿನ್ನಿಗೆ ಏರಿಸಿದ. ಒಳಗೆ ಎಪ್ಪತ್ತು, ಹೊರಗೆ ಐವತ್ತೈದು. ಇನ್ನೊಮ್ಮೆ ತಿರುಗಿಸಿದ. ಎಪ್ಪತ್ತು, ಐವತ್ತೈದು. ಖಾದರ್ ಒಂದು ಮಾತೂ ಆಡದೆ ಸೀಸ ಬಡಿದ. ಸೊನ್ನೆ, ಸೊನ್ನೆ.

ಬಲಚಕ್ರದ ನೀರು ಚೆಲ್ಲಿ, ಒರೆಸಿ, ಗಾಳಿ ತುಂಬಿಸಿ ಮೆಷಿನ್ನಿನ ನಟ್ಟು ಬಿಗಿದದ್ದೇ ತಡ, ಪರದೆ ಕಪ್ಪಾಯಿತು. ಫ್ಯಾನು ನಿಂತಿತು. ಪಕ್ಕದ ಹಿಟ್ಟಿನ ಗಿರಣಿಯೂ ನಿಂತಿತು.

ಖಾದರ್ ಕಣ್ಣು ಮುಚ್ಚಿ ನಿಂತ. ಗಿರಣಿಯವನು ಹೊರಗೆ ಬಂದು ಕೂಗಿದ: “ಲೈನ್‌ಮ್ಯಾನ್‌ಗೆ ಕೇಳ್ದೆ ಸಾಬ್ರೇ, ಆರು ಗಂಟೆವರೆಗೂ ಇಲ್ವಂತೆ!”

“ಆರು!” ಎಂದಳು ಭಾನುಪ್ರಿಯಾ. “ಐದೂವರೆಗೆ ತಟ್ಟೆ ಗಾಡಿ ಹತ್ತಬೇಕು. ಇದೊಂದು ಚಕ್ರ ಹಾಗೇ ಹಾಕಿಬಿಡಿ ಖಾದರಣ್ಣ, ನಿಧಾನಕ್ಕೆ ಹೋಗ್ತೀನಿ.”

“ಹಾಗೇ ಹಾಕಿದ್ರೆ ಮೂರು ಚಕ್ರ ಸಮ ಮಾಡಿದ್ದೂ ದಂಡ. ಮುಂದಿನ ಚಕ್ರದ ದೋಷ ಸ್ಟೀರಿಂಗ್ ಹಿಡಿದ ಕೈಗೆ ಬರುತ್ತೆ, ಹಿಂದಿನದು...” ಎಂದವನು ಅಂಗಡಿಯಲ್ಲಿ ದಿನಾ ಆಡುವ ಮಾತನ್ನು ನಾಲಿಗೆಯ ತುದಿಯಲ್ಲಿ ಬದಲಾಯಿಸಿ, “...ಸೀಟಿಗೆ ಬರುತ್ತೆ. ನಿನ್ನ ತಟ್ಟೆ ಇರೋದೇ ಹಿಂದಿನ ಚಕ್ರದ ಮೇಲೆ,” ಎಂದ.

ಅವನು ಅಂಗಡಿಯ ಹಿಂದಕ್ಕೆ ಹೋಗಿ, ಗೋಣಿಚೀಲಗಳನ್ನು ಎಳೆದು ಹಾಕಿ, ಒಂದು ಕಬ್ಬಿಣದ ಕಂಬವನ್ನು ದರದರ ಎಳೆದು ತಂದ. ಅದರ ತಲೆಗೆ ಹಳೆ ಜೀಪಿನ ಮುಂಚಕ್ರ ಕೂರುವ ಹಬ್ ಬೆಸೆದಿತ್ತು. ಮೆಷಿನ್ ಕೊಳ್ಳುವ ಮೊದಲು ಹತ್ತು ವರ್ಷ ಅವನು ಬ್ಯಾಲೆನ್ಸ್ ಮಾಡಿದ್ದು ಇದರಲ್ಲೇ. ಬೇರಿಂಗಿನ ಗ್ರೀಸು ಒಣಗಿ ಬೆಲ್ಲದ ಹಾಗಾಗಿತ್ತು. ಡೀಸೆಲ್ಲಿನಲ್ಲಿ ತೊಳೆದು ತೆಳ್ಳಗೆ ಎಣ್ಣೆ ಬಿಟ್ಟ. ಚಕ್ರವನ್ನು ಏರಿಸಿ ಐದು ಬೋಲ್ಟು ಕೂರಿಸಿ, ಬೆರಳಿನಿಂದ ಮೆಲ್ಲಗೆ ತಳ್ಳಿದ.

ಕೆಲಸ ಸರಳ, ತಾಳ್ಮೆ ಬೇಡುವಂಥದ್ದು. ಬಿಟ್ಟ ಚಕ್ರ ತನ್ನಷ್ಟಕ್ಕೆ ತಿರುಗಿ ನಿಲ್ಲುವಾಗ ಭಾರದ ಪಕ್ಕ ಕೆಳಗೆ ಬರುತ್ತದೆ. ಮೇಲಿನ ಪಕ್ಕಕ್ಕೆ ಸೀಸ ಅಂಟಿಸಬೇಕು. ಮತ್ತೆ ಬಿಡಬೇಕು. ಎಲ್ಲಿ ಬಿಟ್ಟರೂ ಅಲ್ಲಲ್ಲೇ ನಿಲ್ಲುವವರೆಗೂ.

ಆದರೆ ಚಕ್ರ ನಿಲ್ಲಲಿಲ್ಲ. ಟೈರಿನ ಮೇಲೆ ಎಳೆದಿದ್ದ ಸೀಮೆಸುಣ್ಣದ ಗುರುತು ಕೆಳಗೆ ಬಂದು, ನಿಂತೇಬಿಟ್ಟಿತು ಅನ್ನುವಾಗ, ಮತ್ತೆ ಅಷ್ಟು ಜರುಗುತ್ತಿತ್ತು. ಮೂರು ಸಲ ಹಾಗಾಯಿತು. ಖಾದರ್ ಸೀಸದ ಡಬ್ಬವನ್ನು ನೆಲಕ್ಕೆ ಒಗೆದ. ಚೂರುಗಳು ಕೆಂಪು ನೀರಿನಲ್ಲಿ ಚೆಲ್ಲಾಡಿದವು.

“ಇವತ್ತು ಎದ್ದ ಮಗ್ಗುಲೇ ಸರಿಯಿಲ್ಲ. ಹೋಗಮ್ಮ, ಕೈ ಮುಗೀತೀನಿ, ನನ್ನ ಕೈಲಾಗಲ್ಲ.”

ರಾಮಾಂಜಿನಪ್ಪ ಬಗ್ಗಿ ಚೂರುಗಳನ್ನು ಆರಿಸಿ ಡಬ್ಬಕ್ಕೆ ಹಾಕಿದ. “ಸಾಬ್ರೇ, ಅದು ಚಕ್ರದ ತಪ್ಪಲ್ಲ. ಗಾಳಿ. ಲಾರಿ ಹೋದಾಗಲೆಲ್ಲ ಜರುಗ್ತಾ ಇದೆ, ನೋಡ್ತಾ ಇದೀನಿ. ರೇಷ್ಮೆಗೂಡು ತೂಗುವಾಗ ತಕ್ಕಡೀಗೆ ಗಾಳಿ ಬಿದ್ರೆ ಹೀಗೇ ಆಡೋದು.”

ಹೊರಗೆ ಟಿಪ್ಪರ್ ಒಂದು ಭೋರೆಂದು ಹೋಯಿತು. ಚಕ್ರ ಎರಡು ಬೆರಳಷ್ಟು ಜರುಗಿತು.

ಖಾದರ್ ಮುದುಕನ ಮುಖ ನೋಡಿದ. ನಂತರ ಶಟರನ್ನು ಮುಕ್ಕಾಲು ಎಳೆದ. ಉಳಿದ ಸಂದಿಗೆ ರಾಮಾಂಜಿನಪ್ಪ ಗೋಣಿಚೀಲ ಅಗಲಿಸಿ ಹಿಡಿದು ನಿಂತ. ಭಾನುಪ್ರಿಯಾ ಮೊಬೈಲಿನ ದೀಪ ಹಿಡಿದಳು. ಒಳಗೆ ಸೆಕೆಯೋ ಸೆಕೆ, ಡೀಸೆಲ್ಲಿನ ವಾಸನೆ. ಚಕ್ರ ತಿರುಗಿತು, ನಿಂತಿತು, ಜರುಗಲಿಲ್ಲ. ಇಪ್ಪತ್ತು ಗ್ರಾಂ ಅಂಟಿಸಿದ. ಮತ್ತೆ ಇಪ್ಪತ್ತು. ಹೆಚ್ಚಾಯಿತು, ಐದು ತೆಗೆದ. ಮುದುಕನ ಎತ್ತಿದ ಕೈಗಳು ನಡುಗತೊಡಗಿದವು.

“ಇಳಿಸಿ ಯಜಮಾನ್ರೇ, ಒಂದು ಗಳಿಗೆ ಸುಧಾರಿಸ್ಕೊಳ್ಳಿ.”

“ನಿಮ್ಮ ಕೆಲಸ ನೋಡ್ರೀ ಸಾಬ್ರೇ.”

ಐದಕ್ಕೆ ಹತ್ತು ನಿಮಿಷವಿದ್ದಾಗ ಖಾದರ್ ಚಕ್ರವನ್ನು ಮೇಲೆ ಬಿಟ್ಟ, ನಿಂತಿತು. ಪಕ್ಕಕ್ಕೆ ಬಿಟ್ಟ, ನಿಂತಿತು. ಕೆಳಗೆ ಬಿಟ್ಟ, ನಿಂತಿತು.

ಓಡಿಸಿ ನೋಡುವಷ್ಟು ಹೊತ್ತಿರಲಿಲ್ಲ. ಖಾದರ್ ಶಟರ್ ಪೂರ್ತಿ ಎಳೆದು ಬೀಗ ಹಾಕಿ ತಾನೂ ಗಾಡಿ ಹತ್ತಿದ. ತನ್ನ ಕೈಕೆಲಸವನ್ನು ತಾನೇ ನಂಬದ ದಿನ ಮನೆಗೆ ಹೋಗಿ ಉಂಡರೆ ಅನ್ನ ಇಳಿಯುವುದಿಲ್ಲ. ನಲ್ಲೂರಿನಲ್ಲಿ ಭಾನುಪ್ರಿಯಾ ಅವನ ಕೈಕಾಲು ಸೋಪು ಹಚ್ಚಿ ತೊಳೆಸಿ, ತನ್ನ ಗಂಡನ ಒಗೆದ ಅಂಗಿ ಕೊಟ್ಟು, ಆಮೇಲೆಯೇ ತಟ್ಟೆ ಮುಟ್ಟಲು ಬಿಟ್ಟಳು. ರಾಮಾಂಜಿನಪ್ಪನ ತೋಳು ಮೇಲೇಳುತ್ತಿರಲಿಲ್ಲ, ಅವನು ಮನೆಯಲ್ಲೇ ಉಳಿದ. ತಟ್ಟೆಗಳು ಒಂದರ ಮೇಲೊಂದು ಗಾಡಿಯ ಹಿಂದಿನ ಗೂಡಿನೊಳಗೆ ಕೂತವು. ಖಾದರ್ ಅವುಗಳ ಪಕ್ಕದಲ್ಲೇ ಮಂಡಿ ಮಡಚಿ ಕೂತು ಅಂಗೈಯನ್ನು ಗಾಡಿಯ ನೆಲಕ್ಕೆ ಒತ್ತಿ ಹಿಡಿದ.

ಮೂವತ್ತರ ವೇಗ. ನಲವತ್ತು. ಮಡ್ ಟೈರು ಟಾರಿನ ಮೇಲೆ ಜೇನುಗೂಡಿನ ಹಾಗೆ ಗುಂಯ್ಗುಟ್ಟುತ್ತಿತ್ತು. ಅದು ಅದರ ಹುಟ್ಟುಗುಣ. ನಡುಕ ಇರಲಿಲ್ಲ. ಸೂಲಿಬೆಲೆ ದಾಟಿ ರಸ್ತೆ ನೆಟ್ಟಗಾದಾಗ ಭಾನುಪ್ರಿಯಾ ಅರವತ್ತಕ್ಕೆ ಏರಿಸಿದಳು. ಅಂಗೈಯಲ್ಲಿ ಸಣ್ಣಗೆ ಜುಮುಜುಮು ಬಂತು. ಕೈಯಲ್ಲಿ ಸಮ ಮಾಡಿದ್ದು ಎಷ್ಟೆಂದರೂ ಕೈಯಲ್ಲಿ ಮಾಡಿದ್ದೇ. ಅವನು ಮುಂದಿನ ಕ್ಯಾಬಿನ್ನಿನ ತಗಡಿಗೆ ಗುದ್ದಿದ.

“ಐವತ್ತೈದು ದಾಟಬೇಡ!”

“ಕತ್ತಲಾಗ್ತಾ ಇದೆ ಅಣ್ಣ!”

“ಆದ್ರೆ ಆಗ್ಲಿ! ದಾಟಬೇಡ ಅಂದ್ರೆ ದಾಟಬೇಡ!”

ಐವತ್ತೈದಕ್ಕೆ ಇಳಿಯಿತು. ಜುಮುಜುಮು ಹೋಯಿತು. ಖಾದರ್ ನೆಲದಿಂದ ಅಂಗೈ ತೆಗೆಯಲಿಲ್ಲ. ನಂದಗುಡಿ ಬರುವ ಹೊತ್ತಿಗೆ ಅದು ಜೋಮು ಹಿಡಿದಿತ್ತು.

ಅಪ್ಪಯ್ಯಣ್ಣನ ಹುಳದ ಮನೆ ತೋಟದ ನಡುವೆ. ಅವನ ಹೆಂಡತಿ ಕದಿರಮ್ಮ ಬಾಗಿಲಲ್ಲೇ, ಜ್ವರದ ಹುಳುವಿನ ಹಾಸು ಒಣಗಿರಲೆಂದು ಉದುರಿಸುವ ಸುಣ್ಣದ ಪುಡಿಯ ಡಬ್ಬ ಹಿಡಿದು ನಿಂತಿದ್ದಳು. ಉಳಿದ ನಾಲ್ಕು ಮಂದಿ ರೈತರೂ ಅಲ್ಲೇ ಬಂದು ಕಾದಿದ್ದರು. ಯಾರೂ ನಗಲಿಲ್ಲ. “ಬಾಮ್ಮ,” ಎಂದ ಅಪ್ಪಯ್ಯಣ್ಣ, ಅಷ್ಟೆ. ಮೊದಲನೇ ತಟ್ಟೆಯನ್ನು ದೀಪದ ಕೆಳಗಿಟ್ಟು, ಮೇಲಿನ ಕಾಗದವನ್ನು ತುದಿಯಿಂದ ಮೆಲ್ಲಗೆ ಸುತ್ತುತ್ತ ಬಂದ.

ಹುಳುಗಳು ಹಾಸಿದ ಹಾಗೆಯೇ ಇದ್ದವು. ಒಂದೊಂದೂ ತಲೆಯನ್ನು ಮೇಲಕ್ಕೆತ್ತಿ, ಪಕ್ಕದ್ದನ್ನು ಮುಟ್ಟದೆ, ಕೂತಲ್ಲೇ ಕೂತಿದ್ದವು.

ಎರಡನೇ ತಟ್ಟೆ ತೆಗೆದ. ಮೂರನೆಯದು. ಅಡಿಯ ತಟ್ಟೆಯೊಂದರಲ್ಲಿ ಒಂದು ಅಂಚಿನ ಹುಳುಗಳು ಬೆರಳಗಲ ಜರುಗಿದ್ದವು. ಅಪ್ಪಯ್ಯಣ್ಣನ ಬೆರಳು ಅಲ್ಲಿ ನಿಂತಿತು.

“ಇದು?” ಎಂದ ಅಪ್ಪಯ್ಯಣ್ಣ.

“ಅದನ್ನ ನಾನು ವಾಪಸ್ ತಗೊಂಡು ಹೋಗ್ತೀನಿ ಅಪ್ಪಯ್ಯಣ್ಣ. ಬೇರೆ ತಟ್ಟೆ ಬೆಳಗ್ಗೆ ತಂದ್ಕೊಡ್ತೀನಿ,” ಎಂದಳು ಭಾನುಪ್ರಿಯಾ, ದನಿ ಗಟ್ಟಿ ಮಾಡಿಕೊಂಡು.

ಕದಿರಮ್ಮ ಗಂಡನ ಕೈಯನ್ನು ಆಚೆಗೆ ಸರಿಸಿ ತಟ್ಟೆಯ ಮೇಲೆ ಬಗ್ಗಿದಳು. ಬಹಳ ಹೊತ್ತು ನೋಡಿದಳು. “ವಾಪಸ್ ತಗೊಂಡು ಹೋಗಿ ಇನ್ನೊಂದು ಸಲ ಕುಲುಕಿಸ್ತೀಯಾ? ಇರಲಿ ಬಿಡು. ನಲುಗಿಲ್ಲ, ಜರುಗಿದಾವೆ ಅಷ್ಟೆ. ಸಮವಾಗೇ ಏಳ್ತವೆ.”

ಅಪ್ಪಯ್ಯಣ್ಣ ಉಳಿದ ನಾಲ್ವರ ಕಡೆ ತಿರುಗಿದ. ಅವರಲ್ಲೊಬ್ಬ ತನ್ನ ಪಾಲಿನ ತಟ್ಟೆ ಎತ್ತಿಕೊಂಡ. ಇನ್ನೊಬ್ಬ ಎತ್ತಿಕೊಂಡ.

“ಮುಂದಿನ ಬೆಳೆಗೂ ನಿನ್ನ ಹತ್ರವೇ ತಗೋತೀನಿ, ಬರ್ಕೋಮ್ಮ,” ಎಂದ ಅಪ್ಪಯ್ಯಣ್ಣ. “ನನಗೆ ಎಂಬತ್ತು ಮೊಟ್ಟೆ. ಇವರದ್ದು ಇವರೇ ಹೇಳ್ತಾರೆ.”

ಭಾನುಪ್ರಿಯಾ ತಲೆಯಾಡಿಸಿದಳು. ಗೋಡೆಗೆ ಒರಗಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು.

ಖಾದರನಿಗೆ ಅದು ಎಲ್ಲಿತ್ತೋ ಹಸಿವು ಒಮ್ಮೆಗೇ ಬಂತು. “ಎಂಬತ್ತು!” ಎಂದು ಅಂಗಡಿಯಲ್ಲಿ ಕೂಗುವ ಹಾಗೆಯೇ ಕೂಗಿದ. “ನೋಡಿದ್ಯಾ ಭಾನಮ್ಮ—”

ಕದಿರಮ್ಮ ಅವನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು. “ಮೆಲ್ಲಗೆ ಕಣಪ್ಪಾ, ಹುಳ ಜ್ವರದಲ್ಲಿದಾವೆ. ನಡೀರಿ ಎಲ್ಲ ಆಚೆಗೆ. ಮುದ್ದೆ ಹಾಕ್ತೀನಿ.”

ಖಾದರ್ ಬಾಯಿ ಮುಚ್ಚಿ, ಚಪ್ಪಲಿಯನ್ನು ಕೈಯಲ್ಲೇ ಹಿಡಿದು, ಬಾಗಿಲ ತನಕ ತುದಿಗಾಲಲ್ಲಿ ನಡೆದ. ಹಿಂದೆ ಕದಿರಮ್ಮ ಹುಳುಗಳ ಮೇಲೆ ಸುಣ್ಣದ ಪುಡಿ ಜರಡಿಯಾಡಿಸುತ್ತಿದ್ದಳು.